ತಲೆ ತಗ್ಗಿಸುವ ಹೂ

"ಕೈ ಅಷ್ಟು ಒಳಗೆ ಹಾಕ್ಬೇಡಿ ಸಾರ್ಜೆಂಟ್, ಚೇಳಿರುತ್ತೆ!"

ಇದ್ದರೆ ಇರಲಿ ಎಂದುಕೊಂಡೆ. ಕಲ್ಲುಗುಡ್ಡೆಯ ಬುಡದಲ್ಲಿ ನರಿ ಕೆದಕಿದ್ದ ಸಂದು ತೋಳು ತೂರುವಷ್ಟು ದೊಡ್ಡದಿತ್ತು. ಬೆರಳಿಗೆ ಒಣಗಿದ ಕಡ್ಡಿಯೊಂದು ತಗುಲಿತು. ಮುರಿಯದಂತೆ ಮೆಲ್ಲಗೆ ಎಳೆದೆ.

ಹೂಗೊಂಚಲು. ಒಣಗಿ ಬಣ್ಣ ಕೆಟ್ಟಿತ್ತು, ಆದರೂ ಹೂಗಳು ತೊಟ್ಟಿಗೆ ಕಚ್ಚಿಕೊಂಡೇ ಇದ್ದವು.

ವುಯೆಲ್ವಾ ಬಾಯಲ್ಲಿದ್ದ ಕರಿದ ಬನ್ನನ್ನು ಅಗಿಯುವುದನ್ನೇ ನಿಲ್ಲಿಸಿದಳು. ಅವಳು ಸ್ಪ್ರಿಂಗ್‌ಬಾಕ್ ಪಟ್ಟಣದ ಗಿಡಮರಗಳ ಅಧಿಕಾರಿ. ಗಿಡಗಳ್ಳರ ಬೆನ್ನು ಹತ್ತಿ ಈ ಕಣಿವೆ ದಾಟುವಾಗ ನರಿಯ ಕೆಲಸ ಕಂಡು ನನ್ನನ್ನು ಕರೆಸಿದ್ದಳು.

"ಇದು ಇಲ್ಲಿಗೆ ಹೇಗೆ ಬಂತು?"

"ಯಾರೋ ಇಟ್ಟಿರ್ತಾರೆ. ಹೈಟ್ಸಿ ಐಬಿಬ್ ಅಜ್ಜನ ಗುಡ್ಡೆ ಅಲ್ವಾ? ದಾರಿಹೋಕರೆಲ್ಲ ಒಂದು ಕಲ್ಲೋ ಹಸಿರು ಕಡ್ಡಿಯೋ ಇಟ್ಟೇ ಮುಂದೆ ಹೋಗೋದು."

"ಮೇಲೆ ಇಡ್ತಾರೆ ಸಾರ್ಜೆಂಟ್. ಬುಡದಲ್ಲಿ ಇಡ್ತಾರಾ? ಇದರ ಮೇಲೆ ಎಷ್ಟು ಕಲ್ಲು ಬಿದ್ದಿದೆ ನೋಡಿ."

ನೋಡಿದೆ. ನೋಡಬಾರದಿತ್ತು ಅನ್ನಿಸಿತು. ನಮ್ಮ ರಿಕ್ಟರ್ಸ್‌ವೆಲ್ಡ್ ಸೀಮೆಯ ಬಿಸಿಲಿಗೆ ಕಲ್ಲಿನ ಮೇಲ್ಮೈ ತಲೆಮಾರುಗಳುದ್ದಕ್ಕೂ ಸುಟ್ಟು ಕಪ್ಪಾಗುತ್ತದೆ, ನೆಲಕ್ಕೆ ಒತ್ತಿದ ಮೈ ಬೆಳ್ಳಗೇ ಉಳಿಯುತ್ತದೆ. ಈ ಗುಡ್ಡೆಯ ಬುಡದಲ್ಲಿ ಎಷ್ಟೋ ಕಲ್ಲುಗಳ ಕಪ್ಪು ಮೈ ಒಳಕ್ಕೆ ತಿರುಗಿತ್ತು, ಬಿಳಿ ಮೈ ನಮ್ಮನ್ನು ನೋಡುತ್ತಿತ್ತು. ಯಾರೋ ಅಜ್ಜನ ಗುಡ್ಡೆಯನ್ನು ಬಿಚ್ಚಿ, ಅವಸರದಲ್ಲಿ ಮತ್ತೆ ಕಟ್ಟಿದ್ದರು.

ಗಾಳಿ ಕಣಿವೆಯೊಳಗೆ ನುಗ್ಗಿ ಸಿಳ್ಳೆ ಹಾಕಿತು. ನನ್ನ ತಮ್ಮ ಯೋಸೆಪ್ ಮುಂದಿನ ಹಲ್ಲಿನ ಸಂದಿನಲ್ಲಿ ಥೇಟ್ ಹೀಗೇ ಸಿಳ್ಳೆ ಹಾಕುತ್ತಿದ್ದ, ನಾಯಿಯನ್ನು ಕರೆಯಲು. ಆ ನಾಯಿ ಫೊಕ್ಸಿ ಈಗ ಗುಡ್ಡೆಯ ಪಕ್ಕದಲ್ಲೇ ಮಲಗಿ ಗುರುಗುಡುತ್ತಿತ್ತು. ಅವನು ಕಾಣೆಯಾದಾಗಿನಿಂದ ಅದಕ್ಕೆ ಇದೇ ಜಾಗ. ಮನೆಗೆ ಎಳೆದೊಯ್ದರೂ ಮತ್ತೆ ಇಲ್ಲಿಗೇ ಓಡಿ ಬರುತ್ತದೆ.

"ಡ್ರಿಕಾ ಲಿಂಕ್ಸ್, ನೀನು ಪೊಲೀಸು, ಅಳಬಾರದು" ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಯೋಜನವಾಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ರೋಯ್‌ಕಾಪ್ ಗುಡ್ಡದ ಎಳೆಯ ಮರಗಳು ರಾತ್ರೋರಾತ್ರಿ ಮಾಯವಾದವು. ಅವುಗಳ ಕಾವಲುಗಾರ ಯೋಸೆಪ್ ಕೂಡ ಮಾಯವಾದ. ಮಾರಿ ದುಡ್ಡು ಮಾಡಿಕೊಂಡ, ಗರೀಪ್ ನದಿ ದಾಟಿ ನಮೀಬಿಯಾ ಸೇರಿಕೊಂಡ ಎಂದು ಊರು ಷರಾ ಬರೆಯಿತು. ಈ ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಕಳ್ಳನೆಂದು ಸಾರಿ ಅವನ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಅವನು ಸತ್ತು ಸಿಕ್ಕರೂ ನಮ್ಮಪ್ಪನ ಪಕ್ಕದಲ್ಲಿ ಮಣ್ಣು ಸಿಗುವುದಿಲ್ಲ.

ನಾನೂ ಅಮ್ಮನೂ ವಾರ ವಾರ ಇಲ್ಲಿಗೆ ಬರುತ್ತಿದ್ದೆವು. ಹೈಟ್ಸಿ ಐಬಿಬ್ ಅಜ್ಜ ಎಷ್ಟೋ ಸಲ ಸತ್ತವನು, ಸತ್ತಾಗಲೆಲ್ಲ ಎದ್ದು ಬಂದವನು. ಅದಕ್ಕೇ ಕಣಿವೆಗೊಂದು ಸಮಾಧಿ ಅವನಿಗೆ. ಎದ್ದು ಬರುವುದು ಹೇಗೆಂದು ಗೊತ್ತಿರುವವನ ಹತ್ತಿರ ನನ್ನ ತಮ್ಮನನ್ನು ವಾಪಸ್ ಕಳಿಸಪ್ಪಾ ಎಂದು ಕೇಳಿ ಒಂದೊಂದು ಕಲ್ಲು ಇಡುತ್ತಿದ್ದೆ. ದೊಡ್ಡ ಕಲ್ಲೇ ಹುಡುಕುತ್ತಿದ್ದೆ.

ಅವನ ಎದೆಯ ಮೇಲೇ ಹೇರುತ್ತಿದ್ದೆನೇ? ಬಂಡೆಯ ಹಿಂದೆ ಹೋಗಿ ಬೆಳಗಿನ ಕಾಫಿಯನ್ನೆಲ್ಲ ಕಕ್ಕಿದೆ.

ವುಯೆಲ್ವಾ ನೀರಿನ ಬಾಟಲಿ ಕೊಟ್ಟಳು. ಸಮಾಧಾನದ ಮಾತು ಆಡಲಿಲ್ಲ. ಅದಕ್ಕೇ ಅವಳು ನನಗೆ ಇಷ್ಟ.

"ಈ ಹೂವಿನ ಬಗ್ಗೆ ಹೇಳು" ಅಂದೆ. "ಕೋರ್ಟಲ್ಲಿ ಹೇಳೋ ಹಾಗೆ ಹೇಳು."

"ನಿಮ್ಮೂರಿನ ಮರ, ನಿಮಗೇ ಪಾಠ ಮಾಡ್ಲಾ?"

"ಮಾಡಮ್ಮಾ. ನನ್ನ ತಲೆ ಈಗ ಓಡ್ತಿಲ್ಲ."

ಅವಳು ಎದುರಿನ ಇಳಿಜಾರಿನತ್ತ ಗದ್ದ ಎತ್ತಿದಳು. ಅಲ್ಲಿ ಬತ್ತಳಿಕೆ ಮರಗಳು ಹಳದಿ ಹೂ ಹೊತ್ತು ನಿಂತಿದ್ದವು. ಹಿಂದಿನ ಬೇಟೆಗಾರರು ಅದರ ಕೊಂಬೆ ಟೊಳ್ಳು ಮಾಡಿ ಬಾಣ ತುಂಬಿಕೊಳ್ಳುತ್ತಿದ್ದರಂತೆ.

"ಅದು ಸಾಮಾನ್ಯದ್ದು. ನಿಮ್ಮ ಕೈಯಲ್ಲಿರೋದು ದೊಡ್ಡ ಬತ್ತಳಿಕೆ. ಎರಡೂ ಲೋಳೆಸರದ ಬಳಗ. ಮೊದಲು ವಿಜ್ಞಾನಿಗಳು ಇವನ್ನೂ ಲೋಳೆಸರದ ಜೊತೆಗೇ ಸೇರಿಸಿದ್ರು. ಆಮೇಲೆ ಪರೀಕ್ಷೆ ಮಾಡಿ, ಮರವಾಗಿ ಬೆಳೆಯೋ ಇವಕ್ಕೆ ಬೇರೆ ಸಂಸಾರ ಹೂಡಿ ಕೊಟ್ರು. ಅಕ್ಕತಂಗೀರು ಅಂತಿಟ್ಕೊಳ್ಳಿ."

"ಅಕ್ಕತಂಗೀರ ಹಣೆಬರಹ ಒಂದೇನಾ?"

"ಎಲ್ಲಿ ಒಂದೇ! ತಂಗಿ ನಮೀಬಿಯಾದಲ್ಲಿ ದೂರದವರೆಗೂ ಇದ್ದಾಳೆ, ಈ ಕಡೆ ಸ್ಟೈನ್‌ಕಾಪ್ ದಾಟಿ ಕೆಳಗೂ ಇದ್ದಾಳೆ. ಬಿಸಿಲು ಜಾಸ್ತಿ ಆಗಿ ಅವಳೂ ಸಾಯ್ತಿದ್ದಾಳೆ, ಅಪಾಯದ ಪಟ್ಟಿಗೂ ಸೇರಿಸಿದ್ದಾರೆ. ಆದ್ರೂ ಕಣ್ಣಿಗೆ ಬೀಳ್ತಾಳೆ. ಅಕ್ಕನ ಪಾಡು ಬೇಡ. ಗರೀಪ್ ನದಿಯ ಆಚೆ ಈಚೆ ಕೆಲವೇ ಗುಡ್ಡ. ಮುದಿ ಮರ ಬಿದ್ದುಹೋಗ್ತಿವೆ, ಮರಿಗಳನ್ನ ಮೇಕೆ ತಿನ್ನುತ್ತೆ, ಮೇಕೆ ಬಿಟ್ಟಿದ್ದನ್ನ ಕಳ್ಳರು ಕೀಳ್ತಾರೆ. ಅಳಿವಿನ ಕಟ್ಟಕಡೆಯ ಅಂಚು ಅಂತ ಬರೆದಾಗಿದೆ. ಅದಾದ ಮೇಲೆ ಬರೆಯೋಕೆ ಏನೂ ಉಳಿಯಲ್ಲ."

"ಈ ಸುತ್ತಿನಲ್ಲಿ ದೊಡ್ಡದು ಇರೋದು ರೋಯ್‌ಕಾಪ್ ಮೇಲೆ ಮಾತ್ರ."

"ಹೂಂ. ಮುಖ್ಯವಾದ್ದು ಕೇಳಿ. ತಂಗಿ ಹೂ ಬಿಡೋದು ಈಗ, ಜೂನ್-ಜುಲೈ ಚಳಿಗಾಲದಲ್ಲಿ. ಗೊಂಚಲು ಸೆಟೆದು ಮೇಲೆ ನೋಡ್ತಿರುತ್ತೆ. ಅಕ್ಕ ಬಿಡೋದು ಅಕ್ಟೋಬರಿನಲ್ಲಿ. ಗೊಂಚಲು ಎಲೆಗಳ ಕೆಳಗಿಂದ ಜೋತುಬೀಳುತ್ತೆ. ತಲೆ ತಗ್ಗಿಸಿದ ಹಾಗೆ."

ಕೈಯಲ್ಲಿದ್ದ ಕಡ್ಡಿಯ ಬುಡ ನೋಡಿದೆ. ಕೆಳಕ್ಕೆ ಬಾಗಿತ್ತು.

"ಹಳೇ ವರ್ಷಗಳದ್ದಾಗಿದ್ರೆ ಇಷ್ಟರಲ್ಲಿ ಪುಡಿಪುಡಿ ಆಗ್ತಿತ್ತು" ಅಂದಳು. "ಕಳೆದ ಅಕ್ಟೋಬರಿಂದೇ ಇದು. ಹೂ ಉದುರಿಲ್ಲ, ಅಂದ್ರೆ ಕಿತ್ತ ದಿನವೇ ಒಳಗೆ ಇಟ್ಟಿದ್ದಾರೆ."

ಕಳೆದ ಅಕ್ಟೋಬರು. ತಟ್ಟನೆ ಇನ್ನೊಂದು ನೆನಪು ಎದ್ದು ಕೂತಿತು. ಆಗ ಈ ಕಣಿವೆಯಲ್ಲಿ ಕೆಟ್ಟ ವಾಸನೆ ಹಬ್ಬಿತ್ತು. ಮೂಗು ಮುಚ್ಚಿಕೊಂಡೇ ಕಲ್ಲಿಟ್ಟು ಹೋಗಿದ್ದೆ. "ನನ್ನ ಮೇಕೆ ಒಂದು ಬಂಡೆ ಸಂದಿಗೆ ಬಿದ್ದು ಸತ್ತಿದೆ, ತೆಗೆಯೋಕೆ ಆಗ್ತಿಲ್ಲ" ಎಂದು ಎಲ್ಲರಿಗೂ ಹೇಳಿಕೊಂಡು ಬಂದವರು ಒಬ್ಬರೇ.

ಊಮ್ ಬಾರ್ಟೆಸ್. ಊರಿಗೆಲ್ಲ ಊಮ್, ಅಂದರೆ ದೊಡ್ಡಪ್ಪ; ನಮ್ಮಪ್ಪನ ಗೆಳೆಯರು, ಚರ್ಚಿನ ಹಿರಿಯರು. ಭಾನುವಾರ ನನ್ನ ತಮ್ಮನ ಹೆಸರು ಹೊಡೆದುಹಾಕುವವರೂ ಅವರೇ. ಪ್ರವಚನದಲ್ಲಿ ಅಜ್ಜನ ಗುಡ್ಡೆಯನ್ನು ಮೂಢನಂಬಿಕೆ ಎಂದು ಬೈದು, ಸೋಮವಾರ ಸುತ್ತಮುತ್ತ ನೋಡಿ ಒಂದು ಕಲ್ಲು ಇಟ್ಟು ಹೋಗುವ ಪೈಕಿ. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನಿ.

ಗುಡ್ಡೆ ಬಿಚ್ಚಲು ಊರ ಸಮಿತಿಯ ಒಪ್ಪಿಗೆ ಕೇಳಿ ಜೊತೆಗೆ ಬಂದಿದ್ದ ಇಬ್ಬರು ಪೇದೆಗಳನ್ನು ಅಲ್ಲೇ ಕಾವಲಿಗೆ ನಿಲ್ಲಿಸಿದೆ. ನಿನ್ನ ಮನೆಯ ಕೇಸಿನಲ್ಲಿ ಮೂಗು ತೂರಿಸಬೇಡ ಎಂದು ಮೇಲಧಿಕಾರಿ ಯೋಸೆಪ್ ಕಾಣೆಯಾದಂದೇ ಎಚ್ಚರಿಸಿದ್ದರು. ಅವರು ಪೇಟೆಯಿಂದ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಇಳಿಜಾರಿನಿಂದ ಒಂದು ಹಸಿ ಹಳದಿ ಗೊಂಚಲು ಮುರಿದುಕೊಂಡು ಜೀಪು ಹತ್ತಿದೆ.

*

ಊಮ್ ಬಾರ್ಟೆಸ್ ಮೇಕೆ ದೊಡ್ಡಿಯ ಪಕ್ಕದಲ್ಲಿ, ಕಡ್ಡಿ ಬಾಗಿಸಿ ಹುಲ್ಲುಚಾಪೆ ಹೊದಿಸಿದ ಚಾಪೆಮನೆಯಲ್ಲಿದ್ದರು. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ನನ್ನನ್ನು ನೋಡಿದ್ದೇ ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಬಾ ಮಗಳೇ, ಕೂತ್ಕೋ. ಭಾನುವಾರದ ವಿಷಯಕ್ಕೆ ಬಂದ್ಯಾ? ನಾನೊಬ್ನೇ ತೀರ್ಮಾನ ಮಾಡಿದ್ದಲ್ಲ ಅದು."

"ಅದಕ್ಕಲ್ಲ ಊಮ್. ಮೇಕೆ ವಿಷಯಕ್ಕೆ ಬಂದೆ."

"ಯಾವ ಮೇಕೆ?"

"ಅಕ್ಟೋಬರಿನಲ್ಲಿ ಕಣಿವೆಯಲ್ಲಿ ಸತ್ತು ನಾರ್ತಿತ್ತಲ್ಲ, ಅದು. ಯಾವ ಬಣ್ಣದ್ದು?"

"ಅದಾ... ಕಂದು."

"ಯಾರ ಮರಿ?"

ಅವರು ಕಾಫಿ ಸುರಿಯತೊಡಗಿದರು. ತಮ್ಮ ಹಿಂಡಿನ ಒಂದೊಂದು ಮೇಕೆಯ ತಾಯಿ, ಅಜ್ಜಿ, ಮುತ್ತಜ್ಜಿಯ ಗುಣಾವಗುಣ ಹಾಡಿ ಊರಿನವರ ಕಿವಿ ತೂತು ಮಾಡುವ ಮನುಷ್ಯ. ಈಗ ಬಾಯಿಗೆ ಬೀಗ ಬಿದ್ದಿತ್ತು.

"ವಯಸ್ಸಾಯ್ತಲ್ಲ ಮಗಳೇ. ಮರೆವು."

"ಹೋಗಲಿ ಬಿಡಿ. ಆಗ ರೋಯ್‌ಕಾಪ್ ಕಡೆ ಏನಾದ್ರೂ ಹೋಗಿದ್ರಾ?"

"ಈ ಮಂಡಿ ಇಟ್ಕೊಂಡಾ? ಚೆನ್ನಾಗಿ ಕೇಳ್ದೆ!" ನಕ್ಕರು. ನಗು ಅರ್ಧಕ್ಕೇ ನಿಂತಿತು. "ನಾನು ಸ್ಟೈನ್‌ಕಾಪ್ ಕಡೆಯಿಂದ ಮದುವೆಯಾಗಿ ಬಂದವನು. ನಮ್ಮಲ್ಲಿ ಬೆಳೆಯೋದು ಸಣ್ಣ ಜಾತಿ ಒಂದೇ. ನಿಮ್ಮ ಆ ದೊಡ್ಡ ಮರವನ್ನ ದೂರದಿಂದ ನೋಡಿರೋದಷ್ಟೆ. ಅದು ಹೂ ಬಿಟ್ಟಿದ್ದನ್ನ ಈ ಕಣ್ಣಲ್ಲಿ ಕಂಡೇ ಇಲ್ಲ."

ನಾನು ಕೇಳಿದ್ದು ಗುಡ್ಡದ ಬಗ್ಗೆ. ಹೂವಿನ ಸುದ್ದಿ ಎತ್ತಿದವರು ಅವರೇ.

ಚೀಲದಿಂದ ಎರಡೂ ಗೊಂಚಲು ತೆಗೆದು ಮೇಜಿನ ಮೇಲಿದ್ದ ಖಾಲಿ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಒಂದು ಹಸಿ ಹಳದಿ, ಒಂದು ಒಣಗಿದ್ದು. ಕಾಫಿ ಎತ್ತಿಕೊಂಡು ಅಮ್ಮನ ಆರೋಗ್ಯ, ಕುಡಿಯುವ ನೀರಿನ ಪೈಪು, ಪಾದ್ರಿಗಳ ಹೊಸ ಕಾರು ಎಂದು ಹರಟೆಗೆ ಇಳಿದೆ.

ಊಮ್ ತಲೆಯಾಡಿಸುತ್ತಿದ್ದರು. ಕಣ್ಣು ಮಾತ್ರ ಡಬ್ಬಿಯ ಮೇಲೇ ಇತ್ತು. ಅವರ ಕೈ ತಾನಾಗಿಯೇ ಮುಂದೆ ಬಂತು. ಒಣಗಿದ ಗೊಂಚಲನ್ನು ಮೇಲೆತ್ತಿತು, ತಿರುಗಿಸಿತು. ಡಬ್ಬಿಯ ಅಂಚಿಗೆ ಬಾಗಿದ ಬುಡವನ್ನು ಸಿಕ್ಕಿಸಿ, ಹೂಗಳು ಕೆಳಕ್ಕೆ ಜೋತುಬೀಳುವಂತೆ ಇಟ್ಟಿತು. ಹಸಿ ಗೊಂಚಲನ್ನು ಮುಟ್ಟಲಿಲ್ಲ.

ನಾನು ಹರಟೆ ನಿಲ್ಲಿಸಿದೆ.

"ಯಾಕೆ ಹಾಗಿಟ್ರಿ ಊಮ್?"

"ಹಾಗೆ ಅಂದ್ರೆ?"

"ತಲೆಕೆಳಗೆ."

ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಹೊರಗೆ ಮೇಕೆಯೊಂದು ಕೂಗಿತು, ಮತ್ತೊಂದು ಅದಕ್ಕೆ ಜವಾಬು ಕೊಟ್ಟಿತು.

"ಸಣ್ಣ ಜಾತಿ ಮಾತ್ರ ಕಂಡವರು ನೆಟ್ಟಗೆ ನಿಲ್ಲಿಸ್ತಾರೆ. ಜೋತುಬೀಳೋ ಹೂ ಇದು ಅಂತ, ಕಂಡವರಿಗಷ್ಟೆ ಗೊತ್ತು. ಇದನ್ನ ಇವತ್ತು ಅಜ್ಜನ ಗುಡ್ಡೆಯ ಬುಡದಿಂದ ತೆಗೆದೆ ಊಮ್. ನೀವು ಇಟ್ಟಿದ್ದು."

ಬೈಯುತ್ತಾರೆ, ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಮುಖ ಮುಚ್ಚಿಕೊಂಡರು. ದೊಡ್ಡ ಮನುಷ್ಯ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದವರು, ಕುರ್ಚಿಯಲ್ಲಿ ಕುಗ್ಗಿ ಇಷ್ಟೇ ಇಷ್ಟಾದರು.

"ಬರಿಗೈಲಿ ಬರೋಕೆ ಮನಸ್ಸಾಗ್ಲಿಲ್ಲ ಕಣೇ" ಅಂದರು ಕೊನೆಗೆ. "ಅಜ್ಜನ ಮನೆ ಬಾಗಿಲು ಮುರಿದು ಒಳಗೆ ನುಗ್ಗಿದ್ದೀವಿ, ಕಡ್ಡಿ ಒಂದನ್ನೂ ಇಡದೆ ಹೇಗೆ ಬರ್ಲಿ? ಗಾಡಿಯಲ್ಲಿ ಅದೊಂದು ಗೊಂಚಲು ಬಿದ್ದಿತ್ತು. ಅದನ್ನೇ ಇಟ್ಟೆ."

ಈ ತಪ್ಪನ್ನು ಬೇರೆ ಯಾವ ಸೀಮೆಯ ಮನುಷ್ಯನೂ ಮಾಡುತ್ತಿರಲಿಲ್ಲ. ಹೆಣ ಮುಚ್ಚಿಟ್ಟು ಓಡಿಹೋಗುವ ಹೊತ್ತಿನಲ್ಲೂ ಅಜ್ಜನಿಗೆ ನಮಸ್ಕಾರ ಹೇಳದೆ ಹೋಗಲಾಗದವರು ನಾವು.

"'ನುಗ್ಗಿದ್ದೀವಿ' ಅಂದ್ರಿ. ನೀವು ಮತ್ತೆ ಯಾರು?"

ಅವರು ಒಲೆಯತ್ತ ತಿರುಗಿ ಕೆಂಡ ಕೆದಕಿದರು.

"ಒಳಗಿರೋದು ನನ್ನ ತಮ್ಮನಾ?" ಎದ್ದು ನಿಂತೆ. "ಹೇಳಿ ಊಮ್! ಅವನನ್ನ ಕಲ್ಲಡಿ ಹಾಕಿ, ಮೇಲಿಂದ ಕಳ್ಳ ಅಂತ ಹೆಸರು ಹೊಡೆಯೋಕೆ ಹೊರಟ್ರಲ್ಲ, ನಿಮಗೆ ಊಟ ಹೇಗೆ ಗಂಟಲಲ್ಲಿ ಇಳಿಯುತ್ತೆ?"

"ಇಳಿಯಲ್ಲ" ಅಂದರು.

"ಹಾಗಾದ್ರೆ ಬಾಯಿ ಬಿಡಿ."

ಅವರು ಹ್ಯಾಟಿನ ಅಂಚನ್ನು ಬೆರಳಲ್ಲಿ ಸುತ್ತಿದರು. "ಕಲ್ಲು ತೆಗೆಸೋಕೆ ಮುಂಚೆ ನಿಮ್ಮಮ್ಮನ್ನ ಒಂದು ಮಾತು ಕೇಳು."

"ಅಮ್ಮನ ಹೆಸರು ಎತ್ತಬೇಡಿ!" ಮೇಜು ಗುದ್ದಿದ ರಭಸಕ್ಕೆ ಡಬ್ಬಿ ಉರುಳಿತು. "ಆ ಹೆಂಗಸು ಮಗನಿಗೆ ಅಂತ ಇವತ್ತಿಗೂ ಒಂದು ತಟ್ಟೆ ಇಡ್ತಾಳೆ, ಗೊತ್ತಾ ನಿಮಗೆ?"

"ಗೊತ್ತು" ಅಂದರು ಊಮ್. ಉರುಳಿದ ಡಬ್ಬಿಯನ್ನು ಎತ್ತಿ ನಿಲ್ಲಿಸಿದರು.

ಕೈಗೆ ಕೋಳ ಹಾಕಿದೆ. ನಾಟಕ ಆಡುತ್ತಾರೆ, ಹೊತ್ತು ಕಳೆಯುತ್ತಾರೆ ಅಂದುಕೊಂಡೆ. ಸಿಟ್ಟು ನನ್ನ ಕಣ್ಣು ಕಟ್ಟಿತ್ತು.

*

ಕಣಿವೆಗೆ ಮರಳುವಷ್ಟರಲ್ಲಿ ಸಮಿತಿಯ ಒಪ್ಪಿಗೆ ಸಿಕ್ಕಿ ಪೇದೆಗಳು ಕೆಲಸ ಶುರು ಮಾಡಿದ್ದರು. ಇಬ್ಬರೂ ನಮ್ಮ ಕಡೆಯ ಹುಡುಗರೇ. ಒಂದೊಂದು ಕಲ್ಲು ಎತ್ತುವಾಗಲೂ ಅಜ್ಜನ ಕ್ಷಮೆ ಕೇಳುತ್ತಿದ್ದರು. ಊಮ್ ಬಾರ್ಟೆಸ್ ಜೀಪಿನ ಹಿಂಬದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ಗಾಳಿ ಬಿದ್ದುಹೋಗಿತ್ತು. ಆದರೂ ಒಮ್ಮೆ ಸಿಳ್ಳೆ ಕೇಳಿದಂತಾಯಿತು. ವುಯೆಲ್ವಾಳ ಮುಖ ನೋಡಿದೆ. ಅವಳಿಗೆ ಏನೂ ಕೇಳಿಸಿರಲಿಲ್ಲ.

"ಸಾರ್ಜೆಂಟ್" ಎಂದ ಪೇದೆ, ಮೆಲ್ಲಗೆ.

ಕಲ್ಲುಗಳ ನಡುವೆ ಹಸಿರು ಬಟ್ಟೆ. ಕಾವಲುಗಾರರ ಜಾಕೆಟ್ಟಿನ ತೋಳು, ಅದರ ತುದಿಯಲ್ಲಿ ಒಂದು ಗುಂಡಿ. ಆ ಗುಂಡಿಯನ್ನು ಹೊಲಿದಿದ್ದು ಕೆಂಪು ದಾರದಲ್ಲಿ. ಹಸಿರು ದಾರ ಮುಗಿದಿದೆ, ಇದ್ದುದರಲ್ಲಿ ಹಾಕಿದ್ದೀನಿ, ಬೇಕಾದರೆ ತೊಟ್ಟುಕೋ ಎಂದು ನಾನೇ ಯೋಸೆಪ್‌ನ ಮುಖಕ್ಕೆ ಎಸೆದಿದ್ದೆ. "ಔಸಿ, ನೀನು ಹೊಲಿಗೆಗಿಂತ ಪೊಲೀಸ್ ಕೆಲಸಕ್ಕೇ ಸರಿ" ಎಂದು ಅಕ್ಕನನ್ನು ರೇಗಿಸುತ್ತಾ ಹಾಕಿಕೊಂಡು ಹೋಗಿದ್ದ.

ಕಳ್ಳನಲ್ಲ ನನ್ನ ತಮ್ಮ. ಓಡಿಹೋಗಿರಲಿಲ್ಲ. ಇಲ್ಲೇ ಇದ್ದ, ನಾನು ವಾರ ವಾರ ಹುಡುಕಿ ತಂದ ದೊಡ್ಡ ಕಲ್ಲುಗಳ ಕೆಳಗೆ. ಅತ್ತೆ. ಅಳುವಿನ ಒಳಗೇ ಒಂದು ನೆಮ್ಮದಿಯೂ ಇತ್ತು, ಸುಳ್ಳು ಹೇಳಲಾರೆ. ಭಾನುವಾರ ಯಾರೂ ಅವನ ಹೆಸರು ಹೊಡೆಯಲಾರರು. ಅಪ್ಪನ ಪಕ್ಕದಲ್ಲಿ ಜಾಗ ಸಿಗುತ್ತದೆ.

"ಸಾಕು. ನಿಲ್ಸಿ."

ತಿರುಗಿ ನೋಡಿದೆ. ಅಮ್ಮ ದಾರಿಯ ತಿರುವಿನಲ್ಲಿ ನಿಂತಿದ್ದಳು. ಏಪ್ರನ್ನಿನಲ್ಲಿ ಈ ವಾರದ ಕಲ್ಲು. ಅಷ್ಟು ದೂರದಿಂದ ಗುಡ್ಡೆಯ ಒಳಗೆ ಏನಿದೆ ಎಂದು ಕಾಣುವಂತೆಯೇ ಇರಲಿಲ್ಲ.

ಓಡಿಹೋಗಿ ಅವಳನ್ನು ತಬ್ಬಿಕೊಂಡೆ. "ನೋಡ್ಬೇಡ ಮಾ. ಬಾ, ಮನೆಗೆ ಹೋಗೋಣ. ಯೋಸೆಪ್ ಸಿಕ್ಕಿದ."

ಅವಳು ಅಳಲಿಲ್ಲ. ನನ್ನ ತೋಳುಗಳಲ್ಲಿ ಕಟ್ಟಿಗೆಯ ಹಾಗೆ ನಿಂತಿದ್ದಳು.

"ಅದು ಯೋಸೆಪ್ ಅಲ್ಲ" ಅಂದಳು.

"ಮಾ, ಅವನ ಜಾಕೆಟ್. ಕೆಂಪು ದಾರ..."

"ಗೊತ್ತು. ಆ ಜಾಕೆಟ್ ಹೊದಿಸಿದ್ದು ನಾನೇ. ಮುಖ ಹಾಗೇ ಬಿಡೋಕೆ ಆಗ್ಲಿಲ್ಲ."

ಅವಳನ್ನು ಬಿಟ್ಟು ಹಿಂದೆ ಸರಿದೆ. ಜೀಪಿನಲ್ಲಿ ಊಮ್ ಬಾರ್ಟೆಸ್ ಕಣ್ಣು ತೆರೆದಿದ್ದರು. ಅಮ್ಮ ಅವರತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ದ್ವೇಷವಿರಲಿಲ್ಲ. ಒಂದೇ ಹೊರೆಯನ್ನು ಎರಡು ಕಡೆಯಿಂದ ಹೊತ್ತವರು ನೋಡಿಕೊಳ್ಳುವ ನೋಟ ಅದು.

ಗುಡ್ಡೆಯ ಬಳಿ ಫೊಕ್ಸಿ ಮತ್ತೆ ಗುರುಗುಟ್ಟಿತು. ಯಜಮಾನನ ಸಮಾಧಿಯ ಮುಂದೆ ನಾಯಿ ಊಳಿಡುತ್ತದೆ, ಅಳುತ್ತದೆ. ಇದು ಮೊದಲ ದಿನದಿಂದಲೂ ಹಲ್ಲು ತೋರಿಸಿ ಗುರುಗುಡುತ್ತಲೇ ಇತ್ತು. ಅದು ಕಾಯುತ್ತಿದ್ದುದು ಒಡೆಯನನ್ನಲ್ಲ ಎಂದು ನನಗೇಕೆ ಹೊಳೆಯಲಿಲ್ಲ?

"ಹಾಗಾದ್ರೆ ಒಳಗಿರೋದು ಯಾರು? ಯೋಸೆಪ್ ಎಲ್ಲಿ?"

"ಮರ ಕದಿಯೋಕೆ ಬಂದವನು, ಯೋಸೆಪ್ ಕೈಯಲ್ಲಿ ಸತ್ತ; ಯೋಸೆಪ್ ನದಿಯಾಚೆ ಇದ್ದಾನೆ" ಎನ್ನುತ್ತಾ ಅಮ್ಮ ನನ್ನನ್ನು ದಾಟಿ ನಡೆದಳು. ಪೇದೆಗಳು ತಾವಾಗಿಯೇ ಸರಿದು ದಾರಿ ಬಿಟ್ಟರು. ಅವಳು ಏಪ್ರನ್ನಿನ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಆ ಹಸಿರು ಬಟ್ಟೆಯ ಮೇಲೆ ಇಟ್ಟಳು. ಇಟ್ಟು, ಅಲ್ಲಾಡದಂತೆ ಅಂಗೈಯಿಂದ ಒತ್ತಿದಳು.

"ನೀನು ತಮ್ಮ ಬರ್ಲಿ ಅಂತ ಕಲ್ಲು ಹಾಕ್ತಿದ್ದೆ ಡ್ರಿಕಾ" ಅಂದಳು, ತಿರುಗದೆ. "ನಾನು ಹಾಕ್ತಿದ್ದದ್ದು ಇವನು ಏಳದೇ ಇರ್ಲಿ ಅಂತ."